ತಂಗಿ ಅಂದರೆ

ಬೆಳಕು ನಡುಗುತ್ತಿದೆ, ಶಾಜ್ಲಿ ಮಾವನ ಕೈ ಈಗೀಗ ನಿಲ್ಲುವುದಿಲ್ಲ, ಹಳೇ ರಾಜರ ಕಾಲದ ಗೋರಿಯ ಬಾಗಿಲಲ್ಲಿ ಕನ್ನಡಿ ಹಿಡಿದು ಕೂತು ಬಿಸಿಲನ್ನು ಒಳಕ್ಕೆ ಎಸೆಯುವ ಮುದುಕ, ಆ ಬಿಸಿಲ ತುಂಡು ಗೋಡೆಯ ಚಿತ್ರಗಳ ಮೇಲೆ ಮೀನಿನಂತೆ ಒದ್ದಾಡಿ, ಬಾತುಗಳ ಮೇಲೆ, ಜೊಂಡಿನ ಮೇಲೆ ಹೊರಳಿ, ಕುರ್ಚಿಯಲ್ಲಿ ಕೂತ ಹೆಂಗಸಿನ ಮೇಲೆ ಬಂತು — ಪಕ್ಕದಲ್ಲಿದ್ದ ಗಂಡನನ್ನು ಅಜ್ಜಂದಿರ ಕಾಲದಲ್ಲೇ ಕಳ್ಳರು ಗೋಡೆಯಿಂದ ಕೊಯ್ದುಕೊಂಡು ಹೋದರು, ಅವನನ್ನು ಬಳಸಿದ್ದ ಅವಳ ತೋಳೂ ಅವನ ಜೊತೆಗೇ ಹೋಯಿತು, ಉಳಿದದ್ದು ಬಿಳಿ ಗಾರೆ, ಗಾರೆಯ ಆಚೆ ಅಂಚಿನಲ್ಲಿ, ಅವನ ಹೆಗಲಿದ್ದ ಕಡೆ, ಅವಳ ನಾಲ್ಕು ಬೆರಳು. ಆ ಗಾರೆ ಮೆತ್ತಿದವನು ರಿಫಾತ್, ನಜ್ಲಾಳ ಗಂಡ. ನಜ್ಲಾ ಅದನ್ನು ನೋಡುವುದಿಲ್ಲ, ಪರದೇಶದ ಮಾರಿಟಳ ಕತ್ತನ್ನು ನೋಡುತ್ತಾಳೆ, ಬಿಸಿಲಿಗೆ ಕೆಂಪೇರಿದ ಕತ್ತು, ಏಳು ಚಳಿಗಾಲ ಇಲ್ಲಿ ಮಡಚುವ ಸ್ಟೂಲಿನ ಮೇಲೆ ಕೂತು ಈ ಚಿತ್ರಗಳ ನಕಲಿಗೆ ಬಣ್ಣ ಕಲಸುತ್ತಿದ್ದವಳು, ಅವನು ಗಾರೆ ಕಲಸುತ್ತಿದ್ದ, ಮೂರು ಮೊಳ ದೂರದಲ್ಲಿ, ಏಳು ಚಳಿಗಾಲ — ಹೆಂಡತಿಗೆ ಸಂಜೆ ಸಿಗುತ್ತಿದ್ದದ್ದು ಹುಬ್ಬಿನಲ್ಲಿ ಸುಣ್ಣ ಮೆತ್ತಿಕೊಂಡ, ಮಾತು ಮುಗಿಸಿಕೊಂಡು ಬಂದ ಮನುಷ್ಯ, ಮಾತೆಲ್ಲ ಇಲ್ಲೇ ಖರ್ಚಾಗಿರುತ್ತಿತ್ತು. ಡಾಕ್ಟರಮ್ಮಾ, ನೀನು ಅಡ್ಡ ನಿಂತರೆ ಆ ಗೋಡೆ ಮೇಲಿನ ದೊಡ್ಡಮನೆಯವಳಿಗೆ ಕತ್ತಲಾಗುತ್ತೆ, ಚೂರು ಸರಿಯವ್ವ, ಎನ್ನುತ್ತಾನೆ ಶಾಜ್ಲಿ ಮಾವ, ಕಾಲೇಜು ಮೆಟ್ಟಿಲು ಹತ್ತಿದವರೆಲ್ಲ ಅವನಿಗೆ ಡಾಕ್ಟರೇ, ಅವಳು ಸರಿಯುತ್ತಾಳೆ, ಸರಿಯುವಾಗ ಬೆಳಕು ಮಾರಿಟಳ ಎದೆಯ ಬೆಳ್ಳಿ ಪದಕದ ಮೇಲೆ ಬೀಳುತ್ತದೆ, ಅಂಗಡಿಬೀದಿಯಲ್ಲಿ ಬಂದವರೆಲ್ಲ ತಮ್ಮ ಹೆಸರು ಕೊರೆಸಿಕೊಳ್ಳುವ ಉದ್ದನೆಯ ಪದಕ — ಆದರೆ ಇದರಲ್ಲಿ ಹೆಸರಿಲ್ಲ, ಈ ಗೋಡೆಯ ಮೇಲಿನಂಥದೇ ಚಿತ್ರಾಕ್ಷರ. ಬಾಣದ ತುದಿ, ನೀರಿನ ಗೆರೆ, ರೊಟ್ಟಿ, ಕೂತ ಹೆಣ್ಣು. ಸೆನೆತ್. ತಂಗಿ.

ರಿಫಾತ್ ಕೊಟ್ಟದ್ದು, ಕೊನೆಯ ವರ್ಷ, ಎಂದಳು ಮಾರಿಟ್ ತನ್ನ ತೊದಲು ಅರಬ್ಬಿಯಲ್ಲಿ. ಕೊನೆಯ ವರ್ಷ ಅಂದರೆ ರಂಜಾನಿಗೆ ಮುಂಚೆ, ಅವನು ದೋಣಿ ಇಳಿಯುತ್ತಾ ಎದೆ ಹಿಡಿದುಕೊಂಡು ಕುಸಿದು ಸಾಯುವುದಕ್ಕೆ ಮುಂಚೆ, ನಜ್ಲಾಳಿಗೆ ಅವನು ಬೆಳ್ಳಿ ಕೊಡಿಸಿದ್ದೇ ಇಲ್ಲ. ಅತ್ತೆ ಬೆಳಿಗ್ಗೆಯೇ ಹೇಳಿದ್ದರು, ಉಬ್ಬಲೆಂದು ಬಿಸಿಲಿಗೆ ಇಟ್ಟ ಹಿಟ್ಟಿನ ಉಂಡೆಗಳ ಮೇಲಿನ ನೊಣ ಓಡಿಸುತ್ತಾ, ಆ ಬಿಳೀ ಹೆಂಗಸು ಬಂದಳು ಅಂತ ಮುಖ ಊದಿಸ್ಕೊಂಡು ಕೂರಬೇಡ ಕಣೇ, ನನ್ನ ಮಗ ಅವಳನ್ನ ತಂಗಿ ಅಂತಿದ್ದ, ಇಡೀ ಊರ ಮುಂದೆ ಅಂತಿದ್ದ, ತಂಗಿ ಅಂದಮೇಲೆ ಮುಗೀತು. ಮುಗೀತು, ಊರಿಗೆ ಮುಗೀತು, ನದಿಯ ಈ ದಡದಲ್ಲಿ ಪರ ಹೆಣ್ಣನ್ನು ತಂಗಿ ಎಂದರೆ ಬಾಗಿಲು ಹಾಕಿದ ಹಾಗೆ, ಆದರೆ ಈ ಗೋಡೆಗಳಲ್ಲಿ ಅದೇ ಪದ ಬಾಗಿಲು ತೆಗೆಯುತ್ತದೆ, ಇಲ್ಲಿ ಗಂಡ ಹೆಂಡತಿಯನ್ನೇ ತಂಗಿ ಎನ್ನುತ್ತಾನೆ, ಅವನ ತಂಗಿ, ಅವನ ಪ್ರೀತಿಯವಳು, ಮನೆಯೊಡತಿ — ಕಾಲೇಜಿನಲ್ಲಿ ಈ ಲಿಪಿಯನ್ನೇ ನಾಲ್ಕು ವರ್ಷ ಓದಿದವಳು ನಜ್ಲಾ, ಅವನು ಶಾಲೆ ಬಿಟ್ಟವನು, ಅವನಿಗೆ ಈ ಅಕ್ಷರ ಕಲಿಸಿದವಳೂ ಅವಳೇ. ಮದುವೆಯಾದ ಎಂಟನೆಯ ದಿನ. ಕೈಯೆಲ್ಲ ಹಿಟ್ಟು. ಗೋಡೆಯಿಂದ ನಕಲು ಮಾಡಿಕೊಂಡ ಚೀಟಿ ಹಿಡಿದು ಅವನು, ಲೇ ಡಾಕ್ಟರಮ್ಮಾ, ಆ ಹೆಂಗಸಿನ ತಲೆ ಮೇಲೆ ಬರೆದಿದ್ದಾರಲ್ಲ, ಏನದು? ಅವಳು ಹಿಟ್ಟಿನ ಮೇಲೆ ಬೆರಳಲ್ಲಿ ಬರೆದಳು, ಬಾಣ, ನೀರು, ರೊಟ್ಟಿ, ಹೆಣ್ಣು, ತಂಗಿ ಅಂತ, ಎಂದಳು, ಬರೀ ತಂಗೀನಾ, ಎಂದ, ಅತ್ತೆ ಅಲ್ಲೇ ಒಲೆಯ ಹತ್ತಿರ, ನಜ್ಲಾಳ ಕಿವಿ ಕೆಂಪಾಯಿತು, ಹೂಂ, ತಂಗಿ. ಆಮೇಲೆ ಹೇಳಿದಳೇ? ಹೇಳಿರಬೇಕು, ಹನ್ನೊಂದು ವರ್ಷ, ಯಾವಾಗಲೋ ಒಮ್ಮೆ ಹೇಳಿರಲೇಬೇಕು — ಹೇಳಿದ್ದರೆ ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಬೆಳ್ಳಿಯಲ್ಲಿ ಕೊರೆಸಿ ಇವಳ ಕತ್ತಿಗೆ — ಆ ಕೆಂಪು ಕತ್ತಿಗೆ —

ಮಾರಿಟ್ ಪದಕವನ್ನು ಬೆಳಕಿಗೆ ಎತ್ತಿ ಹಿಡಿದಳು. ನೀನು ಓದಿದವಳು ನಜ್ಲಾ, ಇದು ತಂಗಿ ಅಂತಾನೇ ಅಲ್ವಾ? ಹೌದು ಎಂದರೆ ಇವಳು ತಂಗಿಯಾಗಿಯೇ ತನ್ನ ಊರಿಗೆ ಹೋಗುತ್ತಾಳೆ, ಇನ್ನೊಂದು ಅರ್ಥವನ್ನು ಹೇಳಿದರೆ ಗೋಡೆಯ ಹೆಂಗಸಿನ ಕುರ್ಚಿಯನ್ನೇ ಎತ್ತಿ ಕೊಟ್ಟ ಹಾಗೆ, ಕೊಡಬಾರದು, ಇದೊಂದನ್ನು ಕೊಡಲಾರೆ. ಹೌದು, ತಂಗಿ, ಎಂದಳು ನಜ್ಲಾ. ಬರೀ ತಂಗಿ. ಮಾರಿಟ್ ನಕ್ಕಳು, ಅವನಿಗೆ ಅನುಮಾನ ಇತ್ತು, ಎಂದಳು, ಗಾರೆ ಮೆತ್ತುತ್ತಾ ಕೂತಾಗೆಲ್ಲ ಹೇಳೋನು, ನನ್ನ ಹೆಂಡತಿ ಈ ಪದ ಓದುವಾಗ ಕಿವಿ ಕೆಂಪಗೆ ಮಾಡ್ಕೊಂಡಳು ಮಾರಿಟ್, ಇದರಲ್ಲಿ ಇನ್ನೇನೋ ಇದೆ, ಬಚ್ಚಿಟ್ಟಿದ್ದಾಳೆ, ಒಂದಿನ ಅವಳ ಬಾಯಲ್ಲೇ ಹೇಳಿಸ್ತೀನಿ, ಅಂತ. ಆಗೆಲ್ಲ ನನಗೆ ನಿನ್ನ ಕಂಡು ಹೊಟ್ಟೆ ಉರೀತಿತ್ತು.

ಹೇಳಿಸಲಿಲ್ಲ. ಕೇಳಲೂ ಇಲ್ಲ, ಇಲ್ಲ, ಕೇಳಿದ್ದ, ಬರೀ ತಂಗೀನಾ ಎಂದು ಇನ್ನೊಂದು ಸಲ, ದೀಪ ಆರಿಸುವಾಗ, ಅವಳು ಮಗ್ಗುಲು ಬದಲಿಸಿದ್ದಳು, ನಾಳೆ ಹೇಳಿದರಾಯಿತೆಂದು, ಹಿಟ್ಟಿನ ಮೇಲೆ ಬರೆದದ್ದು ಉಬ್ಬಿ ಅಳಿಸಿಹೋಯಿತು, ಅದನ್ನೇ ಬೇಯಿಸಿದರು, ಅದನ್ನೇ ತಿಂದ, ಬರೀ ತಂಗಿ — ಈಗ ಕೂಡ, ಇದೇ ಬಾಯಲ್ಲಿ, ಈಗಷ್ಟೇ — ಬೇಗ ಮುಗಿಸ್ರವ್ವಾ, ಕೈ ಸೋತಿತು, ಎಂದ ಶಾಜ್ಲಿ ಮಾವ, ಕನ್ನಡಿ ಓರೆಯಾಯಿತು, ಬೆಳಕು ಹೆಂಗಸಿನ ಮುಖದಿಂದ ಜಾರಿತು, ಬಿಳಿ ಗಾರೆಯನ್ನು ದಾಟಿತು, ರಿಫಾತನ ಅಂಗೈ ಸವರಿದ ನುಣುಪನ್ನು ದಾಟಿತು, ಆಚೆ ಅಂಚಿಗೆ ಹೋಗಿ ನಿಂತಿತು, ನಾಲ್ಕು ಬೆರಳು, ತೋಳಿಲ್ಲ, ಹೆಗಲಿಲ್ಲ, ನಾಲ್ಕು ಬೆರಳು