ಅರ್ಧ ದಾರಿಯಲ್ಲಿ ಸತ್ತ ಸದ್ದು

ರಾಕೆಟ್ಟು ಪರದೆಯ ಅರ್ಧಕ್ಕೆ ಏರುತ್ತಿದ್ದಂತೆ ಸದ್ದು ಸತ್ತೇ ಹೋಯಿತು. ಶ್ರುತಿಮಾಮನ ಎದೆ ಧಸಕ್ಕೆಂದಿತು.

ಮನೆಮನೆಗೆ ಹೋಗಿ ಪಿಯಾನೋ ತಂತಿ ಬಿಗಿದು ಶ್ರುತಿ ಕೂಡಿಸುವುದು ಅವನ ಕಸುಬು. ಆ ಹೆಸರು ಅಂಟಿದ್ದೂ ಹಾಗೆಯೇ. ಬಿಡುವಾದಾಗಲೆಲ್ಲ, ಹರೆಯದಲ್ಲಿ ಕೊಂಡ ಹೋಮ್ ಕಂಪ್ಯೂಟರನ್ನು ಹಳೇ ಡಬ್ಬಾ ಟಿವಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದ. ಈ ಸಲದ ಪ್ರೋಗ್ರಾಮಿನ ಮೇಲಂತೂ ಅವನಿಗೆ ಎಲ್ಲಿಲ್ಲದ ಹೆಮ್ಮೆ. ಬೆಂಕಿ ಕಾರುತ್ತ ರಾಕೆಟ್ಟು ಏರಿದಷ್ಟೂ ಸ್ವರವೂ ಏರಬೇಕು, ತುತ್ತತುದಿ ಮುಟ್ಟಿದಾಗ ನಕ್ಷತ್ರಗಳು ಚದುರಬೇಕು. ನಕ್ಷತ್ರಗಳೇನೋ ಚದುರಿದವು. ಸ್ವರ ಮಾತ್ರ ನಡುದಾರಿಯಲ್ಲೇ ಕೈಕೊಟ್ಟಿತ್ತು.

ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದ. ತಪ್ಪಿರಲಿಲ್ಲ. ವೈರು ಅಲ್ಲಾಡಿಸಿದ, ಟಿವಿಯ ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದ. ಊಹೂಂ. ಕಂಪ್ಯೂಟರಿನೊಳಗೆ ಸದ್ದು ಹೊರಡಿಸುವ ಚಿಪ್ಪೇ ಸುಟ್ಟಿದೆ ಎಂದುಕೊಂಡ. ಅಂಥ ಚಿಪ್ಪು ಈಗ ದುರ್ಬೀನು ಹಾಕಿ ಹುಡುಕಿದರೂ ಸಿಗದು. ಮೊದಲೇ ಬೆಳಿಗ್ಗೆಯಿಂದ ತಲೆ ಕೆಟ್ಟಿತ್ತು. ಅವನು ಶ್ರುತಿ ಮಾಡಿದ ಪಿಯಾನೋದಲ್ಲಿ ಬಲತುದಿಯ ಏರುಸ್ವರಗಳೆಲ್ಲ ಅಪಸ್ವರವೆಂದು ಸಂಗೀತದ ಟೀಚರಮ್ಮ ಫೋನು ಮಾಡಿದ್ದಳು. "ಮೊದ್ಲು ನಿಮ್ಮ ಕಿವಿ ಯಾರಿಗಾದ್ರೂ ತೋರಿಸ್ಕೊಳ್ಳಿ" ಎಂದು ಇವನು ರೇಗಿ ಫೋನಿಟ್ಟಿದ್ದ.

ತುತ್ತತುದಿಯ ಸ್ವರದ ಮೇಲೇ ಪ್ರೋಗ್ರಾಮು ನಿಲ್ಲಿಸಿ, ಮುಖ ಊದಿಸಿಕೊಂಡು ಚಹಾ ಕುಡಿಯುತ್ತ ಕುಳಿತ. ಬಾಗಿಲು ದಡಾರನೆ ತೆರೆಯಿತು. ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು.

"ಅದನ್ನ ನಿಲ್ಸ್ತೀರೋ ಇಲ್ವೋ? ಪಕ್ಕದ ಮನೆಯವರು ಬಂದು ಬಾಗ್ಲು ಬಡೀತಿದ್ದಾರೆ."

"ಯಾವುದನ್ನ?"

"ಅದೇ ಆ ಕೀಚಲು ಸದ್ದನ್ನ. ಆಗ್ಲಿಂದ ಕಿರುಚ್ತಾನೇ ಇದೆ."

ಬಾಯಿಗೆ ಹೊರಟಿದ್ದ ಲೋಟ ಅಲ್ಲೇ ನಿಂತಿತು. ಪ್ರೋಗ್ರಾಮು ನಿಂತರೂ, ಸುಮ್ಮನಿರು ಎಂದು ಹೇಳುವವರೆಗೆ ಆ ಚಿಪ್ಪು ಕೊನೆಯ ಸ್ವರವನ್ನು ಹಿಡಿದೇ ಇರುತ್ತದೆ. ಇದು ಅವನಿಗೆ ಹೊಸತೇನಲ್ಲ. ಪ್ರತಿ ಸಲವೂ ಮೊದಲು ಅದರ ಬಾಯಿ ಮುಚ್ಚಿಸಿಯೇ ಅವನು ಮುಂದಿನ ಕೆಲಸಕ್ಕೆ ಕೈಹಾಕುತ್ತಿದ್ದ. ಇವತ್ತು ಮುಚ್ಚಿಸಬೇಕೆಂದು ಅವನಿಗೆ ತೋಚಿರಲೇ ಇಲ್ಲ.

"ತಮಾಷೆ ಮಾಡ್ತಿದ್ದೀಯಾ?"

"ತಮಾಷೆ ಮಾಡೋ ಮುಖಾನಾ ಇದು?"

ಸದ್ದು ನಿಲ್ಲಿಸಿ, ಕೀಬೋರ್ಡಿನ ಉದ್ದನೆಯ ಕೀಲಿ ಒತ್ತಿದರೆ ಅದೇ ಸ್ವರ ಬರುವಂತೆ ಎರಡು ಸಾಲು ಬರೆದ. ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ತಾನು ಗೋಡೆಗೆ ಮುಖಮಾಡಿ ನಿಂತ.

"ನಿನಗೆ ಮನಸ್ಸು ಬಂದಾಗ ಒತ್ತು. ಕೇಳಿದ ಕೂಡ್ಲೇ ಕೈ ಎತ್ತುತ್ತೀನಿ."

ಉಸಿರು ಬಿಗಿಹಿಡಿದು ಕಾದ. ಗಡಿಯಾರದ ಟಕಟಕ ಕೇಳಿಸಿತು, ಬೀದಿಯಲ್ಲಿ ಹೋದ ಲಾರಿ ಕೇಳಿಸಿತು. ಅಷ್ಟಕ್ಕೇ ಧೈರ್ಯ ಬಂತು.

"ಒತ್ತೇ, ಎಷ್ಟೊತ್ತು ಅಂತ ಕಾಯ್ಲಿ?"

ತಿರುಗಿದ. ಅವಳ ಒಂದು ಕೈ ಕಿವಿಯ ಮೇಲಿತ್ತು, ಇನ್ನೊಂದರ ಬೆರಳು ಕೀಲಿಯನ್ನು ಅದುಮಿಯೇ ಇತ್ತು.

"ಒತ್ಕೊಂಡೇ ಇದ್ದೀನಿ ಕಣ್ರೀ" ಎಂದಳು. ಅವಳ ಕಣ್ಣು ತುಂಬಿತ್ತು.

ಅವನ ಅನ್ನವೇ ಆ ಎರಡು ಕಿವಿಗಳಲ್ಲಿತ್ತು. ಅವು ಯಾವಾಗಿನಿಂದ ಹೀಗೆ, ಎಷ್ಟು ಮನೆಗಳ ಪಿಯಾನೋ ಕೆಡಿಸಿಟ್ಟು ಎದೆಯುಬ್ಬಿಸಿಕೊಂಡು ಬಂದೆ ಎಂದು ನೆನೆಯಲೂ ಭಯವಾಯಿತು. ಗೋಡೆ ಹಿಡಿದುಕೊಂಡೇ ಹೋಗಿ ಫೋನೆತ್ತಿದ.

"ಟೀಚರಮ್ಮಾ, ನಿಮ್ಮ ಕಿವಿ ಸರಿಯಾಗೇ ಇದೆ. ಪಿಯಾನೋಗೆ ಬೇರೆ ಯಾರನ್ನಾದ್ರೂ ಕರೀರಿ" ಎಂದ.