ಮಂತ್ರಿಯ ಗಂಟಲು

ತಾಲ್‌ಬುಲಾಕ್ ದೇಶದಲ್ಲಿ ಪೊಲೀಸು, ಸುಂಕ, ಸೆರೆಮನೆ ಮೂರೂ ಒಬ್ಬನೇ ಮಂತ್ರಿಯ ಕೈಯಲ್ಲಿ. ಒಳಾಡಳಿತ ಮಂತ್ರಿ ಶೈಲೋಬೆಕ್ ಮೂಗಿನಿಂದ ಮಾತಾಡುತ್ತಿದ್ದ. ಪ್ರತಿ ಮಾತಿಗೂ 'ತಿಳೀತಾ?' ಎಂಬ ಬಾಲ ಕಟ್ಟುತ್ತಿದ್ದ. ಬಾಲ ಸಮೇತ ಅವನನ್ನು ಅಣಕಿಸುವುದರಲ್ಲಿ ಸೆರೆಮನೆಯ ಅಧಿಕಾರಿ ಜಕಿಪ್‌ನನ್ನು ಮೀರಿಸುವವರಿರಲಿಲ್ಲ.

ಚಳಿಗಾಲದಲ್ಲಿ ಸೆರೆಮನೆಯ ಕಲ್ಲಿದ್ದಲಿನ ಲಾರಿ, ಒಂದು ಮುದ್ರೆ ಕಡಿಮೆಯೆಂದು ಹನ್ನೊಂದು ದಿನ ಗಡಿಯಲ್ಲೇ ನಿಂತಿತು. ಕೈದಿಗಳು ಮಂಚದ ಹಲಗೆ ಸುಡತೊಡಗಿದಾಗ ಜಕಿಪ್ ಸುಂಕದ ಮುಖ್ಯಸ್ಥ ಮುರಾತಾಲಿಗೆ ಫೋನ್ ಹಚ್ಚಿ, ಮೂಗು ಹಿಡಿದು, "ಲಾರಿ ಬಿಡಯ್ಯಾ, ತಿಳೀತಾ?" ಎಂದ. ಸಂಜೆಯೊಳಗೆ ಒಲೆ ಹೊತ್ತಿತು.

ಈಗ ವಸಂತ. ಮಂತ್ರಿ ತಪಾಸಣೆಗೆ ಬಂದಿದ್ದಾನೆ. ಊಟಕ್ಕೆ ಮುರಾತಾಲಿಯೂ ಪಕ್ಕದಲ್ಲೇ. ಇಬ್ಬರ ಮಾತು ಲಾರಿಯ ಕಡೆ ಹೊರಳಿದರೆ ತಾನು ಕಾವಲಿರುವ ಸೆರೆಕೋಣೆಯೊಳಗೆ ತಾನೇ ಚಾಪೆ ಹಾಸಬೇಕೆಂದು ಜಕಿಪ್‌ಗೆ ಗೊತ್ತು.

ಬೇಯಿಸಿದ ಕುರಿಯ ತಲೆ ಬಂತು. ಅದು ಹಿರಿಯ ಅತಿಥಿಯದು; ಅವನೇ ಕೊಯ್ದು, ಯಾರಿಗೆ ಏನು ಸಲ್ಲಬೇಕೋ ಹಂಚಬೇಕು. ಮಂತ್ರಿ ಚಾಕು ಎತ್ತಿದವನು ಕೆಳಗಿಟ್ಟ.

"ಮುರಾತಾಲಿ, ನಿನ್ನ ವರದೀಲಿ ಓದ್ದೆ. ಆ ಕಲ್ಲಿದ್ದಲಿನ ಲಾರಿ ಬಿಡು ಅಂತ ನಾನು ಹೇಳಿದ್ದು ಯಾವತ್ತೋ?"

"ಫೆಬ್ರವರಿ ಒಂಬತ್ತು, ಅಣ್ಣಾ. ಪುಸ್ತಕದಲ್ಲಿ ಬರ್ದಿಟ್ಟಿದೀನಿ."

"ಅವತ್ತು ನಂದು ಮೂರು ಹಲ್ಲು ಕಿತ್ತಿದ್ರು. ಬಾಯ್ತುಂಬ ಹತ್ತಿ. ಹೆಂಡ್ತಿ ಹತ್ರ ಚಹಾನೂ ಚೀಟಿ ಬರ್ದು ಕೇಳ್ತಿದ್ದೆ, ತಿಳೀತಾ?"

ಅವನು ತಟ್ಟೆ ತಿರುಗಿಸಿದ. ಕುರಿಯ ಮೂತಿ ಜಕಿಪ್‌ನನ್ನು ನೋಡಿತು.

"ನೀನೇ ಹಂಚು. ನನ್ನ ಧ್ವನೀಲೇ ಹಂಚು."

ನನಗೇನೂ ಗೊತ್ತಿಲ್ಲ ಎನ್ನಬಹುದಿತ್ತು. ಹಾಗೆಂದರೆ ಇಲ್ಲದ ಆಜ್ಞೆಯನ್ನು ಪುಸ್ತಕದಲ್ಲಿ ಬರೆದಿಟ್ಟನೆಂದು ಮುರಾತಾಲಿಯ ತಲೆ ಹೋಗುತ್ತಿತ್ತು. ಜಕಿಪ್ ಚಾಕು ಹಿಡಿದ, ಮೂಗು ಬಿಗಿದ.

"ಕಿವಿ ಮುರಾತಾಲಿಗೆ. ಫೋನ್ ಬಂದ್ರೆ ಗಂಟಲು ಯಾರದು ಅಂತ ನೆಟ್ಟಗೆ ಕೇಳಿಸ್ಕೋ, ತಿಳೀತಾ?"

"ಅಯ್ಯೋ ಪಾಪಿ!" ಎಂದ ಮುರಾತಾಲಿ. "ನಾನು ಟೋಪಿ ತೆಗ್ದು ಎದ್ದು ನಿಂತು ಮಾತಾಡಿದ್ನಲ್ಲೋ!"

ಮಂತ್ರಿ ದವಡೆ ಹಿಡಿದುಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಜಕಿಪ್‌ನ ಕಡೆ ತಿರುಗಿದ.

"ಚಳೀಗೆ ಎಷ್ಟು ಜನ ಸತ್ರು?"

"ಒಬ್ರೂ ಇಲ್ಲ, ಅಣ್ಣಾ."

"ಹಂಗಾದ್ರೆ ನಿಂಗೆ ಜೈಲು ಬೇಡ. ಜೈಲಿಗೆ ನೀನೂ ಬೇಡ."

ವಾರದೊಳಗೆ ಆಜ್ಞೆ ಬಂತು: ಜಕಿಪ್‌ಗೆ ಎತ್ತರದ ಕಣಿವೆಯ ಸುಂಕದ ಕಟ್ಟೆ. ಕಲ್ಲಿದ್ದಲಿನ ಲಾರಿಗಳೆಲ್ಲ ಹಾಯುವ ದಾರಿ. ಕಡಿಮೆ ಬೀಳುತ್ತಿದ್ದ ಆ ಮುದ್ರೆ ಈಗ ಅವನ ಮೇಜಿನ ಮೇಲೇ ಇತ್ತು. ಮೊದಲ ಲಾರಿಗೆ ಅವನು ಎರಡು ಸಲ ಒತ್ತಿದ.

ಫೋನನ್ನು ಮಾತ್ರ ಅವನು ಬರುವ ಮೊದಲೇ ಬಿಚ್ಚಿಕೊಂಡು ಹೋಗಿದ್ದರು.