ಎಲ್ಲಮ್ಮನ ಏಡಿ, ಓಬಣ್ಣನ ಪ್ಯಾಕೆಟ್ಟು

ಕರೂರಿನ ಚಂದ್ರಣ್ಣನ ಗದ್ದೆಯಲ್ಲಿ ಬೆಳಿಗ್ಗೆ ಹತ್ತೂವರೆಗೆ ನಾಟಿ ನಿಂತುಹೋಯಿತು. ಕಾಲುವೆ ನೀರು ಧಾರಾಳವಾಗಿ ಬರುತ್ತಿತ್ತು, ಸಸಿಯ ಕಟ್ಟುಗಳು ಮಡಿಯ ತುಂಬ ಬಿದ್ದಿದ್ದವು, ಹನ್ನೆರಡು ಮಂದಿ ಹೆಂಗಸರು ಕೆಸರಿನಲ್ಲೇ ಇದ್ದರು. ಆದರೆ ಒಬ್ಬರ ಸೊಂಟವೂ ಬಗ್ಗಿರಲಿಲ್ಲ. ಎಲ್ಲರೂ ಎಲ್ಲಮ್ಮನ ಸೊಸೆ ಅನಿತಾಳ ಸುತ್ತ ಮುತ್ತಿಕೊಂಡು ಅವಳ ಕೈಯಲ್ಲಿದ್ದ ಫೋನಿನೊಳಗೆ ಇಣುಕುತ್ತಿದ್ದರು. ಫೋನಿನೊಳಗೆ ಸಮುದ್ರವಿತ್ತು.

"ಯವ್ವಾ, ಅಷ್ಟೂ ನೀರ ಏನ? ಆಚಿ ದಂಡಿನ ಕಾಣವಲ್ದು!" ಎಂದಳು ಪಕ್ಕದ ಸಾಲಿನ ಯಂಕಮ್ಮ. ಬಾಯಿ ಜೋರಿನಲ್ಲಿ ಊರಿಗೇ ಮೊದಲಿನವಳು ಅವಳು.

ಎಲ್ಲಮ್ಮನಿಗೆ ನೀರು ನೋಡುವ ತಾಳ್ಮೆ ಇರಲಿಲ್ಲ. "ಅದಿರ್ಲಿ. ನನ್ನ ಏಡಿ ಎಲ್ಲಿ ಅದಾವು ಕೇಳು ಮೊದ್ಲು," ಎಂದು ಸೊಸೆಯ ತೋಳು ಅಲುಗಾಡಿಸಿದಳು.

ಈ ಏಡಿಯ ಗದ್ದಲ ಹಚ್ಚಿದವರು ಕುರುಗೋಡಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಸಿದ್ದಲಿಂಗೇಶ್ ಮೇಷ್ಟ್ರು. ಮನೆಯಲ್ಲಿ ಸೋಮವಾರ ಈರುಳ್ಳಿಗೂ ಪ್ರವೇಶವಿಲ್ಲದಷ್ಟು ಮಡಿ, ಮೇಷ್ಟ್ರಿಗೋ ಗಾಳ ಹಾಕುವ ಹುಚ್ಚು. ಹಿಡಿದ ಮೀನಿನ ಜೊತೆ ಫೋಟೊ ತೆಗೆಸಿಕೊಂಡು ಮತ್ತೆ ನೀರಿಗೇ ಬಿಟ್ಟು ಬರುವ ಪುಣ್ಯಾತ್ಮ. "ಹಂಗಾದ್ರ ಹಿಡಿಯೋದರ ಯಾಕ್ರಿ?" ಎಂದು ಎಲ್ಲಮ್ಮ ಒಮ್ಮೆ ಕೇಳಿದ್ದಳು. ಮೇಷ್ಟ್ರು ಇನ್ನೂ ಉತ್ತರ ಹುಡುಕುತ್ತಿದ್ದಾರೆ. ವರ್ಷಕ್ಕೊಮ್ಮೆ ಕಾರವಾರದ ಕಡೆ ಸಮುದ್ರಕ್ಕೆ ಹೋಗುತ್ತಾರೆ. ನಾಲ್ಕು ವರ್ಷ ಹೋಗಿ ನಾಲ್ಕು ವರ್ಷವೂ ಫೋಟೊ ಇಲ್ಲದೆ ಬಂದಿದ್ದಾರೆ.

ಕಳೆದ ತಿಂಗಳು ಕರೂರಿನ ಕಾಲುವೆಗೆ ಬಂದಾಗ, ಎಲ್ಲಮ್ಮ ಬದುವಿನ ಬಿಲಕ್ಕೆ ಮೊಣಕೈತನಕ ಕೈ ಹಾಕಿ ಏಡಿ ಎಳೆಯುವುದನ್ನು ಅವರು ಕಂಡರು. ಬೆನ್ನ ಮೇಲೆ ಹೆಬ್ಬೆರಳಿಟ್ಟು ಸುಮ್ಮನೆ ಒತ್ತಿದರೆ ಸಾಕು, ಯಾವ ಏಡಿ ಇನ್ನೆರಡು ದಿನಕ್ಕೆ ಹಳೆ ಚಿಪ್ಪು ಕಳಚುತ್ತದೆಂದು ಅವಳು ಹೇಳಬಲ್ಲಳು. ಮೇಷ್ಟ್ರು ಕುಣಿದೇಬಿಟ್ಟರು. ಚಿಪ್ಪು ಬಿಡಲು ಬಂದ ಏಡಿಯೆಂದರೆ ಸಮುದ್ರದ ಮೀನಿಗೆ ಹಬ್ಬದೂಟವಂತೆ. ಅವಳನ್ನು ಬಸ್ಸು ಹತ್ತಿಸಿ ಬಳ್ಳಾರಿಗೆ ಕರೆದುಕೊಂಡು ಹೋಗಿ, ಗಾಳ ಮಾರುವ ಓಬಣ್ಣನ ಅಂಗಡಿಯಲ್ಲಿ ನಿಲ್ಲಿಸಿದರು.

ಓಬಣ್ಣ ಫ್ರಿಜ್ ತೆಗೆದು ಒಂದು ಪ್ಯಾಕೆಟ್ಟನ್ನು ಟೇಬಲ್ಲಿನ ಮೇಲೆ ಇಟ್ಟಿದ್ದ. ಒಳಗೆ ಐಸಿನ ನಡುವೆ ಬಿಳಿಚಿಕೊಂಡ ಪುಟ್ಟ ಪುಟ್ಟ ಏಡಿಗಳು.

"ಇವು ಸತ್ತು ಎಷ್ಟು ವರ್ಷ ಆತು?" ಎಂದು ಎಲ್ಲಮ್ಮ ಕೇಳಿದ್ದಳು.

"ಏನ್ ಮಾತಂತ ಆಡ್ತೀಯಕ್ಕಾ! ಕಂಪನಿ ಮಾಲು ಇದು, ಸಮುದ್ರದ್ದ ಏಡಿ. ನಿನ್ನ ಗದ್ದಿ ಏಡೀನ ಸಮುದ್ರದ ಮೀನು ಮೂಸೂದಿಲ್ಲ."

"ಮೂಸಿದ್ರ?"

"ಮೂಸಿ ನುಂಗಿದ್ರ, ನಿನ್ನ ಏಡಿ ಬುಟ್ಟಿ ನನ್ನ ಅಂಗಡ್ಯಾಗ ಮಾರಾಕ ಕಾಯಂ ಇಡ್ತೀನಿ. ಮೇಷ್ಟ್ರು ಸಾಕ್ಷಿ."

ಅಂದಿನಿಂದ ಎಲ್ಲಮ್ಮನ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅವಳಿಗೀಗ ಐವತ್ತೆರಡು. ಹದಿನೈದನೇ ವಯಸ್ಸಿನಿಂದ ವರ್ಷಕ್ಕೆ ಎರಡು ಬೆಳೆಯ ನಾಟಿಗೆ ಬಗ್ಗಿದ ಸೊಂಟ ಈಗ ಮೇಲೇಳುವಾಗಲೆಲ್ಲ ಕಣ್ಣಲ್ಲಿ ನೀರು ತರಿಸುತ್ತದೆ. ಇನ್ನೆರಡು ವರ್ಷ ಬಗ್ಗಿಯಾಳು, ಆಮೇಲೆ? ಏಡಿಯಾದರೆ ಬದುವಿನ ಮೇಲೆ ಕುಳಿತೇ ಹಿಡಿಯಬಹುದು. ಆ ಬುಟ್ಟಿ ಅಂಗಡಿ ಸೇರಲೇಬೇಕಿತ್ತು. ಹಾಗೆಂದೇ ಮೊನ್ನೆ ಹುಲ್ಲು ತೋಯಿಸಿ, ಗೋಣಿ ತೋಯಿಸಿ, ಬಿದಿರಿನ ಬುಟ್ಟಿಯಲ್ಲಿ ಆರಿಸಿ ಆರಿಸಿ ಇಪ್ಪತ್ತು ಏಡಿ ಇಟ್ಟು, ಓಬಣ್ಣನ ಜೊತೆ ಸಮುದ್ರಕ್ಕೆ ಹೊರಟಿದ್ದ ಮೇಷ್ಟ್ರ ಕೈಗೆ ಕೊಟ್ಟಿದ್ದಳು.

"ಮೇಷ್ಟ್ರ, ಏಡಿ ತೋರಸ್ರಿ!" ಎಂದು ಅನಿತಾ ವಿಡಿಯೊ ಕಾಲಿನಲ್ಲಿ ಕೂಗಿದಳು.

ಫೋನಿನಲ್ಲಿ ಮೇಷ್ಟ್ರ ಮುಖ ಬಂತು. ಆ ಮುಖ ನೋಡಿದ ಕೂಡಲೇ ಎಲ್ಲಮ್ಮ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ಯಕ್ಕಾ, ಬೈಬ್ಯಾಡ. ಎಲ್ಲಾ ಸತ್ತುಬಿಟ್ವು."

"ಆಂ?"

"ಬುಟ್ಟಿ ಕಂಡ್ರ ಅವ್ವ ಮನಿ ಹೊರಗ ಹಾಕ್ತಾಳಂತ, ರಾತ್ರಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿದ್ದೆ. ಏಡಿಗೆ ನೀರು ಬೇಕಲ್ಲಾ ಅಂತ ಕಂಠಮಟ ನೀರು ತುಂಬಿ, ಗಟ್ಟಿ ಮುಚ್ಚಳ ಹಾಕಿದ್ನಿ. ಕಾರಿನ ಡಿಕ್ಕಿ ತೆಗೆದ್ರ ನಾತ."



"ಉಸಿರಾಡೋದು ಬ್ಯಾಡೇನ್ರಿ ಅವಕ?" ಎಂದು ಎಲ್ಲಮ್ಮ ಕಿರುಚಿದಳು. "ಮಕ್ಕಳಿಗೆ ಅದೇನು ವಿಜ್ಞಾನ ಹೇಳ್ತೀರಿ ನೀವು?"

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಮೂರು ದಿನ ಬಿಲ ಬಿಲಕ್ಕೂ ಕೈಹಾಕಿ ಆರಿಸಿದ ಏಡಿಗಳು! ಮೇಷ್ಟ್ರ ಹಿಂದೆ ಓಬಣ್ಣ ಹಲ್ಲು ಕಿರಿಯುತ್ತ ಪ್ಯಾಕೆಟ್ಟು ಹರಿಯುತ್ತಿದ್ದ. "ಯಕ್ಕಾ, ಈಗ ನಮ್ಮ ಮಾಲು ನೋಡು," ಎಂದು ಐಸು ಕರಗಿದ ಏಡಿಯೊಂದನ್ನು ಗಾಳಕ್ಕೆ ಚುಚ್ಚಿದ. ಮೇಷ್ಟ್ರು ಕೋಲನ್ನು ಹಿಂದಕ್ಕೆ ತೆಗೆದು ಜೋರಾಗಿ ಬೀಸಿದರು. ಗಾಳ ಒಂದು ಕಡೆ ಹೋಯಿತು, ಏಡಿ ಇನ್ನೊಂದು ಕಡೆ ಹಾರಿ ಬಂಡೆಗೆ ಬಡಿಯಿತು. ಮತ್ತೊಂದು ಚುಚ್ಚಿದರು, ಅದೂ ಹಾರಿತು. ಮೂರನೆಯದರ ಕಾಲು ಮಾತ್ರ ಗಾಳದಲ್ಲಿ ಉಳಿಯಿತು.

ಹೆಂಗಸರು ಬಿದ್ದು ಬಿದ್ದು ನಕ್ಕರು. "ಓಬಣ್ಣನ ಏಡಿಗೆ ರೆಕ್ಕಿ ಬಂದಾವು ನೋಡ್ರೇ!" ಎಂದು ಯಂಕಮ್ಮ ಚಪ್ಪಾಳೆ ತಟ್ಟಿದಳು.

"ಯಾಕ ನಿಂತೀರಿ ಎಲ್ಲಾರು? ಸಸಿ ತಾವಾ ನೆಟ್ಟುಕೊಳ್ತಾವೇನು?" ಗದ್ದೆಯ ಯಜಮಾನ ಚಂದ್ರಣ್ಣ ಬದುವಿನ ಮೇಲಿಂದ ಕೂಗುತ್ತ ಬಂದ. ಯಾರೂ ಅವನ ಕಡೆ ತಿರುಗಲಿಲ್ಲ. ಹತ್ತಿರ ಬಂದವನು ತಾನೂ ಒಮ್ಮೆ ಇಣುಕಿದ. ಇಣುಕಿದವನು ಅಲ್ಲೇ ನಿಂತ.

ನಾಲ್ಕನೆಯ ಏಡಿಗೆ ಮೇಷ್ಟ್ರು ಪ್ಲಾಸ್ಟಿಕ್ ದಾರ ಬಿಗಿದು ಗಂಟು ಹಾಕುತ್ತಿದ್ದರು. ಬಿಗಿದಷ್ಟೂ ಮೆತ್ತನೆಯ ಮೈ ಹರಿದು ಬೆರಳ ಸಂದಿಯಿಂದ ಜಾರುತ್ತಿತ್ತು. ನೋಡುತ್ತಿದ್ದ ಎಲ್ಲಮ್ಮನ ಬೆರಳುಗಳು ತಮ್ಮಷ್ಟಕ್ಕೆ ಆಡತೊಡಗಿದವು. ದಿನಕ್ಕೆ ನೂರಾರು ಕಟ್ಟು ಎಳೆಸಸಿಯನ್ನು ಒಂದು ದಂಟೂ ಮುರಿಯದಂತೆ ಕಟ್ಟಿದ ಕೈ ಅದು.

"ಹಂಗಲ್ರೀ—" ಎಂದು ಬಾಯಿ ತೆರೆದಳು.

ಯಂಕಮ್ಮ ತಟ್ಟನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಸುಮ್ನಿರು! ನೀ ಹೇಳಿಕೊಟ್ರ ಅವನ ಪ್ಯಾಕೆಟ್ಟು ಗೆಲ್ತೈತಿ. ನಿನ್ನ ಬುಟ್ಟಿ ಗತಿ ಏನು? ಹಾಳಾಗಿ ಹೋಗ್ಲಿ ಬಿಡು."

ಮಾತು ಖರೆ. ಎಲ್ಲಮ್ಮ ತುಟಿ ಕಚ್ಚಿಕೊಂಡಳು. ಐದನೆಯ ಏಡಿ ಹಾರಿತು. ಆರನೆಯದು ಕೈಯಲ್ಲೇ ಒಡೆಯಿತು. ಮೇಷ್ಟ್ರ ಮುಖ ಪರೀಕ್ಷೆಯಲ್ಲಿ ಫೇಲಾದ ಹುಡುಗರ ಮುಖದಂತಾಗಿತ್ತು. ಏಳನೆಯದಕ್ಕೂ ಅವರು ಅದೇ ಪ್ಲಾಸ್ಟಿಕ್ ದಾರ ಎತ್ತಿಕೊಂಡಾಗ ಎಲ್ಲಮ್ಮನಿಂದ ತಡೆಯಲಾಗಲಿಲ್ಲ. ಕಣ್ಣೆದುರಿಗೆ ಕೆಲಸ ಕೆಡುತ್ತಿದ್ದರೆ ನೋಡುತ್ತ ನಿಲ್ಲುವ ಜೀವವೇ ಅಲ್ಲ ಅವಳದು.

"ಬಿಡ್ರಿ ಆ ದಾರಾನ! ಅದು ಕೊಯ್ಯತೈತಿ. ನೀರು ಕುಡಿದು ಮೆತ್ತಗಾಗಿ ಹಿಡಕೊಳ್ಳೋ ದಾರ ಬೇಕು. ಕಾರಿನಾಗ ಹೂವಿನ ಸರ ಐತೇನ್ರಿ?"

"ಐತಿ... ಅವ್ವ ಹಾಕ್ಯಾಳ. ಪೂಜೀದು."

"ಹೂವು ದೇವರಿಗಿರ್ಲಿ, ನಾರು ಬಿಚ್ಚಿಕೊಂಡು ಬರ್ರಿ!"

"ಯಕ್ಕಾ, ಅವ್ವಗ ಮಾತ್ರ ಹೇಳಬ್ಯಾಡ," ಎನ್ನುತ್ತ ಮೇಷ್ಟ್ರು ಓಡಿದರು. ಬಾಳೆನಾರು ಹಿಡಿದು ಏದುಸಿರು ಬಿಡುತ್ತ ಬಂದರು. ಇತ್ತ ಎಲ್ಲಮ್ಮ ಒಂದು ಹಿಡಿ ಸಸಿ ಎತ್ತಿ ಫೋನಿನ ಮುಂದೆ ಹಿಡಿದಳು. "ನನ್ನ ಕೈ ನೋಡ್ರಿ. ಗಂಟು ಹಾಕಬ್ಯಾಡ್ರಿ. ಮೊದ್ಲು ಕಾಲು ಮಡಿಸಿ ಹೊಟ್ಟಿಗೆ ಅವಚಿಬಿಡ್ರಿ. ಗಾಳ ಒಳಗ ಇರ್ಲಿ, ಮೊನಿ ಮಾತ್ರ ಹೊರಗ. ಈಗ ಸಡಿಲ ಸುತ್ರಿ, ಸುತ್ತತಾ ಹೋಗ್ರಿ, ಓರಿ ಓರಿಯಾಗಿ. ಹತ್ತು ಸುತ್ತು. ಕೊನೀನ ಕೆಳಗಿನ ಸುತ್ತಿನಾಗ ತೂರಿಸಿ, ತಿರುವಿ ಎಳೀರಿ. ಹಾಂ! ಈಗ ಜಾಡಿಸಿ ನೋಡ್ರಿ."

ಮೇಷ್ಟ್ರು ಜಾಡಿಸಿದರು. ಏಡಿ ಅಲುಗಲಿಲ್ಲ.

ಕೋಲು ಬೀಸಿದರು. ಏಡಿ ಗಾಳದ ಜೊತೆಗೇ ದೂರ, ಬಹುದೂರ ಹೋಗಿ ಬಂಡೆಗಳಾಚೆ ಬಿದ್ದಿತು. ಗದ್ದೆಯಲ್ಲಿ ಶಿಳ್ಳೆ ಬಿತ್ತು. ಹೊಡೆದವನು ಚಂದ್ರಣ್ಣ.

ಐದು ನಿಮಿಷ ಏನೂ ಇಲ್ಲ. ಹತ್ತು ನಿಮಿಷ. ನಾಟಿಯ ಸಾಲು ಹಾಗೇ ಬಿದ್ದಿತ್ತು. ಯಂಕಮ್ಮ ಉಗುರು ಕಚ್ಚಲು ಹೋಗಿ ಕೆಸರು ತಿಂದಳು. ಆಗ ಕೋಲಿನ ತುದಿ ಒಮ್ಮೆ ಮಿಡುಕಿತು. ಮತ್ತೊಮ್ಮೆ. ಆಮೇಲೆ ಇಡೀ ಕೋಲು ಬಿಲ್ಲಿನಂತೆ ಬಾಗಿ ಮೇಷ್ಟ್ರನ್ನೇ ನೀರಿನ ಕಡೆ ಎಳೆಯಿತು!

"ಹತ್ತೈತಿ! ಹತ್ತೈತಿ! ಹಿಡೀರಿ ಮೇಷ್ಟ್ರ!" ಅನಿತಾ ಕುಣಿದಳು. ಕುಣಿದ ರಭಸಕ್ಕೆ ಫೋನು ಕೈಜಾರಿ ಕೆಸರಿಗೆ ಬಿತ್ತು.

ಹನ್ನೆರಡು ಬಾಯಿಗಳಿಂದ ಒಂದೇ ಚೀರಾಟ. ಅನಿತಾ ಅದನ್ನೆತ್ತಿ ಸೆರಗಿಗೆ ಒರೆಸಿದಳು, ಊದಿದಳು. ಪರದೆ ಕಪ್ಪಾಗಿತ್ತು. "ಅಯ್ಯೋ, ಮೀನು ಬಂತೋ ಹೋತೋ!" ಎಂದು ಎಲ್ಲಮ್ಮ ತಲೆ ತಲೆ ಚಚ್ಚಿಕೊಂಡಳು. ಆಗ ಚಂದ್ರಣ್ಣ, ಬೆಳಗಿನಿಂದ ಅವರಿವರನ್ನು ಬೈಯುವುದಕ್ಕೇ ಬಳಸುತ್ತಿದ್ದ ತನ್ನ ದೊಡ್ಡ ಫೋನನ್ನು ಚಾಚಿದ. "ನಂಬರ್ ಹೇಳ್ರೇ ಲಗೂನ! ನಂಗೂ ನೋಡಬೇಕಾಗೈತಿ!"

ಮೂರನೆಯ ಸಲಕ್ಕೆ ಫೋನು ಹತ್ತಿತು. ಮೇಷ್ಟ್ರು ಮೊಣಕಾಲ ತನಕ ತೋಯ್ದು ತೊಪ್ಪೆಯಾಗಿ, ಮೊಳದುದ್ದದ ಕೆಂಪನೆಯ ಮೀನನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿದ್ದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ಯಕ್ಕಾ! ಐದು ವರ್ಷಕ್ಕ ಮೊದಲನೇದು!" ಮೀನಿನ ದವಡೆಯ ಪಕ್ಕದಲ್ಲಿ ಬಾಳೆನಾರಿನ ಎಳೆ ತೂಗುತ್ತಿತ್ತು. ಅದನ್ನು ಕಂಡು ಎಲ್ಲಮ್ಮನ ಮೈ ಝುಂ ಎಂದಿತು. ಕಾಣದ ಸಮುದ್ರದಿಂದ ಅವಳ ಕೈಕೆಲಸ ಮೀನು ಎಳೆದು ತಂದಿತ್ತು.

ಅಷ್ಟರಲ್ಲಿ ಓಬಣ್ಣನ ಮುಖ ಅಡ್ಡ ಬಂತು. "ನೋಡಿದ್ಯಾಕ್ಕಾ? ಪ್ಯಾಕೆಟ್ಟ ಗೆದ್ದಿತು. ಬುಟ್ಟಿ ಮಾತು ಇಲ್ಲಿಗೆ ಮುಗೀತು."

ಫೋನು ಕಟ್ಟಾಯಿತು. ಎಲ್ಲಮ್ಮ ಸಸಿಯ ಕಟ್ಟು ಬಿಚ್ಚಿ ಬಗ್ಗಿದಳು. ತನ್ನ ಬುಟ್ಟಿಯನ್ನು ತಾನೇ ಕೈಯಾರೆ ಕಳೆದುಕೊಂಡೆನಲ್ಲ ಎಂದು ಅವಳಿಗೆ ಬಹಳ ಸಂಕಟವಾಯಿತು. "ಹೇಳಿದ್ನಿ ನಾ," ಎಂದು ಯಂಕಮ್ಮ ಗೊಣಗಿದಳು. ಸೊಂಟ ಆಗಲೇ ಚುಳುಕ್ಕೆನ್ನುತ್ತಿತ್ತು.

ಅರ್ಧ ಸಾಲು ಮುಗಿದಿರಲಿಲ್ಲ, ಚಂದ್ರಣ್ಣನ ಫೋನು ಬಡಿದುಕೊಂಡಿತು. "ಓಬಣ್ಣ ಅಂತ. ನಿನ್ನ ಕೇಳ್ತಾನ."

ಓಬಣ್ಣನ ಬೆರಳ ತುಂಬ ಏಡಿಯ ಚೂರು, ಕೊರಳ ತುಂಬ ಬಾಳೆನಾರು. ಅವನ ಹಿಂದೆ ಗುರುತಿಲ್ಲದ ಮೂರು ಜನ ತಂತಮ್ಮ ಗಾಳ ಹಿಡಿದು ಕಾಯುತ್ತಿದ್ದರು. "ಯಕ್ಕಾ, ಆ ಸುತ್ತು ಇನ್ನೊಂದ್ಸಲ ತೋರ್ಸು. ನನ್ನ ಕೈಯಾಗ ನಿಲ್ಲವಲ್ದು. ಮೇಷ್ಟ್ರಿಗೂ ಎರಡನೇದು ಕಟ್ಟಾಕ ಬರವಲ್ದು."

ಎಲ್ಲಮ್ಮ ಕೈಯಲ್ಲಿದ್ದ ಸಸಿ ಪೂರ್ತಿ ನೆಟ್ಟಳು. ಆಮೇಲೆ ನಿಧಾನವಾಗಿ ಮೇಲೆದ್ದಳು.

"ಪ್ಯಾಕೆಟ್ಟ ಗೆದ್ದಿತಲ್ಲ ಓಬಣ್ಣ? ಅದನ್ನ ಕೇಳು, ಅದ ಕಟ್ಟಿಕೊಳ್ತೈತಿ."

ಗದ್ದೆ ಗೊಳ್ಳೆಂದಿತು.

"ಹಂಗನಬ್ಯಾಡ ಯಕ್ಕಾ. ಈ ಮಂದಿ ಕಟ್ಟಿದ ಏಡಿ ಇದ್ರ ಕೊಡು ಅಂತ ಜೀವ ತಿಂತಾರ."

"ನಿನ್ನ ಅಂಗಡ್ಯಾಗ ಕುಂತು ಕಟ್ಟಿಕೊಡ್ತೀನಿ. ಕುಂತು, ತಿಳೀತಾ? ನಿನ್ನ ಪ್ಯಾಕೆಟ್ಟಿನವು ನಾಕು ಕಟ್ಟಿದ್ರ, ನನ್ನ ಬುಟ್ಟಿಯವು ನಾಕು. ಯಾವುದು ಬೇಕೋ ಮಂದಿನ ಆರಿಸ್ಲಿ. ಒಪ್ಪಿಗಿ ಇದ್ರ ಹೇಳು, ಇಲ್ಲಂದ್ರ ನಂಗ ನಾಟಿ ಐತಿ."

ಓಬಣ್ಣ ತಿರುಗಿ ಕಾಯುತ್ತಿದ್ದ ಮೂವರನ್ನು ನೋಡಿದ. "ಒಪ್ಪಿಗಿ ಅನ್ನೋ ಮಾರಾಯಾ!" ಎಂದು ಹಿಂದಿನಿಂದ ಮೇಷ್ಟ್ರು ಅರಚಿದರು.

"ಆತವ್ವಾ, ಒಪ್ಪಿಗಿ. ಬುಟ್ಟಿ ತಗೊಂಡು ಬಾ. ಈಗರ ತೋರ್ಸು!"

ಯಂಕಮ್ಮ ಕೆಸರುಗೈಯಲ್ಲೇ ಅವಳನ್ನು ಅಪ್ಪಿಕೊಂಡಳು. ಎಲ್ಲಮ್ಮ ಬಿಡಿಸಿಕೊಂಡು, ಹೊಸದೊಂದು ಹಿಡಿ ಸಸಿ ಎತ್ತಿ ಫೋನಿನ ಮುಂದೆ ಹಿಡಿದಳು.

"ಇನ್ನೊಂದು ಮಾತು," ಎಂದಳು. "ನನ್ನ ಬುಟ್ಟಿಗೆ ಯಾರೂ ಮುಚ್ಚಳ ಹಾಕಂಗಿಲ್ಲ."